ಪಾರ್ಟಿ ಮುಗಿದರೂ ಮುಗಿಯದ ಊಟ: ಉಳಿದಿದ್ದನ್ನು ನೀವೆಲ್ಲ ಏನು ಮಾಡಿದಿರಿ?

ಫ್ರಿಜ್ ಮುಚ್ಚದವಳು:
ನಿನ್ನೆ ರಾತ್ರಿ ಮಗನ ಹುಟ್ಟುಹಬ್ಬ ಇತ್ತು. 40 ಜನ ಬರುತ್ತಾರೆ ಅಂತ ಲೆಕ್ಕ ಹಾಕಿದ್ದೆವು. ಬಂದವರು 23. ಈಗ ಮನೆಯಲ್ಲಿ ಒಂದು ದೊಡ್ಡ ಪಾತ್ರೆ ಅನ್ನ, ಸುಮಾರು 2 ಕೆಜಿ ಹುರಿದ ಕೋಳಿ, 5 ಪ್ಯಾಕ್ ಬ್ರೆಡ್, ಅರ್ಧ ಚಾಕೊಲೇಟ್ ಕೇಕ್, ಒಂದು ಟ್ರೇ ಹೆಚ್ಚಿದ ಹಣ್ಣು, ಡ್ರೆಸಿಂಗ್ ಹಾಕಿಬಿಟ್ಟ ಸಲಾಡ್ ಇದೆ. ರಾತ್ರಿ 11ಕ್ಕೆ ಎಲ್ಲವನ್ನೂ ಹೇಗೋ ಫ್ರಿಜ್‌ಗೆ ತುರುಕಿದೆವು. ಬಾಗಿಲು ತೆರೆದುಕೊಳ್ಳದಿರಲಿ ಅಂತ ಕುರ್ಚಿ ಒತ್ತಿ ಇಟ್ಟಿದ್ದೇವೆ. ತಿನ್ನುವವರು ಮೂರೇ ಜನ. ಅದನ್ನೇ ಬಿಸಿ ಮಾಡಿ ಬಡಿಸಿದರೆ ಗಂಡನೂ ಮಗನೂ ಮುಖ ಸಿಂಡರಿಸುತ್ತಾರೆ. ಬೇರೆ ರೂಪ ಕೊಟ್ಟು ಖಾಲಿ ಮಾಡಿದವರು ಯಾರಾದರೂ ಇದ್ದೀರಾ?

ಪುಡಿಂಗ್ ಸಂತ್ರಸ್ತ:
ಇದ್ದೇನೆ. ಬ್ರೆಡ್ ಪುಡಿಂಗ್ ಮಾಡಿ ಅಂತ ಇನ್ನು ಹತ್ತು ಜನ ಹೇಳುತ್ತಾರೆ. ಅದಕ್ಕೂ ಮೊದಲು ನನ್ನ ಕಥೆ ಕೇಳಿ.

ಕಳೆದ ವರ್ಷ ನಮ್ಮಲ್ಲಿ 4 ಪ್ಯಾಕ್ ಉಳಿದಿತ್ತು. ಬಿಸಾಕಲು ಮನಸ್ಸಾಗಲಿಲ್ಲ. ಅಷ್ಟು ಬ್ರೆಡ್ ನೆನೆಯಲು ಹಾಲು ಎಷ್ಟು ಬೇಕು ಗೊತ್ತಾ? ಮೂರೂವರೆ ಲೀಟರ್. ಮೊಟ್ಟೆ 16. ಸಕ್ಕರೆ ಮುಕ್ಕಾಲು ಕೆಜಿ. ಬೆಣ್ಣೆ, ಒಣದ್ರಾಕ್ಷಿ ಬೇರೆ. ಎಲ್ಲವೂ ಹೊಸದಾಗಿ ತಂದಿದ್ದು. ನಮ್ಮ ಓವನ್‌ನಲ್ಲಿ ಒಂದು ಸಲಕ್ಕೆ ಒಂದೇ ಟ್ರೇ ಹಿಡಿಯುತ್ತದೆ. 50 ನಿಮಿಷದಂತೆ ಮೂರು ಸಲ. ಮುಗಿದಾಗ ರಾತ್ರಿ ಒಂದೂವರೆ. ಮೊದಲ ದಿನ ಎಲ್ಲರೂ ಆಹಾ ಅಂದರು. ಎರಡನೇ ದಿನ ಮಾತಾಡದೆ ತಿಂದರು. ಮೂರನೇ ದಿನ ಮಗಳು "ಇನ್ನೂ ಇದೆಯಾ?" ಅಂತ ಕೇಳಿದ್ದು ಈಗಲೂ ಕಿವಿಯಲ್ಲಿದೆ. ನಾಲ್ಕನೇ ದಿನ ಎರಡು ಟ್ರೇ ಕಸದ ಬುಟ್ಟಿಗೆ. ಬರೀ ಬ್ರೆಡ್ ಬಿಸಾಕುವ ಬದಲು ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ ಬಿಸಾಕಿದೆ. ಅಷ್ಟೇ ಸಾಧನೆ.

ಈಗ ಪುಡಿ ಮಾತ್ರ ಮಾಡುತ್ತೇನೆ. ಸ್ಲೈಸ್‌ಗಳನ್ನು 120 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸುವುದು, ಮುರಿದರೆ ಟಕ್ ಅನ್ನಬೇಕು, ಆಮೇಲೆ ಮಿಕ್ಸಿ. ನಡುವೆ ಒಂಚೂರು ಮೆತ್ತಗಿದ್ದರೂ ಬಾಟಲಿಯಲ್ಲಿ ಬೂಷ್ಟು ಬರುತ್ತದೆ. ಅದೂ ಒಮ್ಮೆ ಆಗಿದೆ. ಮತ್ತೆ ಬ್ರೆಡ್ಡನ್ನು ಫ್ರಿಜ್‌ನಲ್ಲಿ ಯಾಕೆ ಇಟ್ಟಿರಿ? ಹೊರಗಿಗಿಂತ ಅಲ್ಲಿ ಬೇಗ ಗಟ್ಟಿಯಾಗುತ್ತದೆ. ಫ್ರೀಜರ್ ಆದರೆ ಸರಿ.

ಫ್ರೀಜರ್ ಭಕ್ತೆ:
ಅಣ್ಣಾ, 4 ಪ್ಯಾಕ್‌ಗೂ ಒಂದೇ ದಿನ ಪುಡಿಂಗ್ ಮಾಡಿದ್ದು ನಿಮ್ಮ ತಪ್ಪು, ಪುಡಿಂಗ್‌ನ ತಪ್ಪಲ್ಲ.

ನಮ್ಮ ಮನೆಯಲ್ಲಿ ಒಂದು ತುತ್ತೂ ಹಾಳಾಗುವುದಿಲ್ಲ. ಅನ್ನ 200 ಗ್ರಾಂನ ಚಪ್ಪಟೆ ಪೊಟ್ಟಣ. ಕೇಕ್ ತುಂಡು ತುಂಡಾಗಿ ಬೇರೆ ಬೇರೆ ಸುತ್ತಿ. ಹಣ್ಣು ಮೊದಲು ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ. ಇಲ್ಲದಿದ್ದರೆ ಕಲ್ಲುಬಂಡೆ ಆಗುತ್ತದೆ, ಸುತ್ತಿಗೆ ಬೇಕು. ಎಲ್ಲದರ ಮೇಲೂ ತಾರೀಕು. ನನ್ನ ಫ್ರೀಜರ್‌ನಲ್ಲಿ ಥರ್ಮಾಮೀಟರ್ ಇದೆ, ಮೈನಸ್ 18ರಿಂದ ಮೇಲೆ ಹೋದರೆ ನನಗೆ ನಿದ್ದೆ ಬರುವುದಿಲ್ಲ.

ಸೋತಿದ್ದೂ ಇದೆ, ಮುಚ್ಚಿಡುವುದಿಲ್ಲ. ಮಯೋನೀಸ್ ಹಾಕಿದ ಆಲೂಗಡ್ಡೆ ಸಲಾಡ್ ಒಂದೂವರೆ ಕೆಜಿ ಇಟ್ಟಿದ್ದೆ. ಕರಗಿದ ಮೇಲೆ ಎಣ್ಣೆ ಒಂದು ಕಡೆ, ನೀರು ಒಂದು ಕಡೆ, ಆಲೂಗಡ್ಡೆ ಮರಳು ಮರಳು. ಬೇಯಿಸಿದ ಮೊಟ್ಟೆ 12 ಇಟ್ಟಿದ್ದೆ. ಬಿಳಿಭಾಗ ರಬ್ಬರ್. ಮಗ ಒಂದನ್ನು ಗೋಡೆಗೆ ಹೊಡೆದು ತೋರಿಸಿದ.

ಹೊಟ್ಟೆ ಕೆಟ್ಟವನು:
ಐಡಿಯಾ ಎಲ್ಲ ಆಮೇಲೆ. ರಾತ್ರಿ 11ಕ್ಕೆ ಫ್ರಿಜ್‌ಗೆ ಇಟ್ಟೆವು ಅಂತ ಬರೆದಿದ್ದೀರಿ. ಬಡಿಸಲು ಶುರು ಮಾಡಿದ್ದು ಎಷ್ಟು ಗಂಟೆಗೆ? ಯಾರೂ ಕೇಳಲೇ ಇಲ್ಲವಲ್ಲ!

ನನಗೆ ಆಗಿದ್ದು ಹೇಳುತ್ತೇನೆ. ಪಾರ್ಟಿಯ ಅನ್ನ ಸಂಜೆ 7ರಿಂದ 12ರವರೆಗೆ ಹೊರಗೇ ಇತ್ತು. ಆಳವಾದ ಪಾತ್ರೆ, ಮೇಲೆ ಮುಚ್ಚಳ. ಹಾಗೇ ಎತ್ತಿ ಫ್ರಿಜ್‌ಗೆ ಇಟ್ಟೆವು. ಬೆಳಿಗ್ಗೆ ತೆಗೆದಾಗ ನಡುವೆ ಕೈ ಹಾಕಿದರೆ ಇನ್ನೂ ಉಗುರುಬೆಚ್ಚಗಿತ್ತು. ಆಗಲೇ ಬುದ್ಧಿ ಬರಬೇಕಿತ್ತು. ಮೊಟ್ಟೆ, ಈರುಳ್ಳಿ ಹಾಕಿ ಜೋರು ಉರಿಯಲ್ಲಿ ಹುರಿದೆ. ಹೊಗೆ ಏಳುವಷ್ಟು ಬಿಸಿ. ಬಹಳ ರುಚಿಯಾಗಿತ್ತು, ಅದೇ ದುಃಖ. ಎರಡೂವರೆ ಗಂಟೆಯಲ್ಲಿ ಶುರುವಾಯಿತು. ರಾತ್ರಿವರೆಗೆ 9 ಸಲ ವಾಂತಿ, ನಾನು ಎಣಿಸಿದ್ದೇನೆ. ಮನೆಯಲ್ಲಿ ನಾಲ್ವರು, ಬಚ್ಚಲು ಒಂದೇ.

ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ. ಅದರ ಬೀಜಕಣ ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಿದ್ದರೆ ಮೊಳೆತು, ಬೆಳೆದು, ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 2 ಗಂಟೆಗಿಂತ ಜಾಸ್ತಿ ಹೊರಗಿದ್ದರೆ ಬಿಸಾಕಿ. 32 ಡಿಗ್ರಿ ಮೇಲಿನ ಸೆಕೆ ಇದ್ದರೆ ಒಂದೇ ಗಂಟೆ.

ಮೂವತ್ತು ವರ್ಷದ ಸೌಟು:
ಅಯ್ಯೋ, ಈ ಹೆದರಿಕೆ ಕೇಳಿ ಕೇಳಿ ಸಾಕಾಗಿದೆ. ರಾತ್ರಿಯ ಅನ್ನ ಬೆಳಿಗ್ಗೆ ತಿಂದೇ ನಾವು ಬೆಳೆದಿದ್ದು. ಮೂಸಿ ನೋಡಿದರೆ ಗೊತ್ತಾಗುತ್ತದೆ. ಹಳಸಿದ್ದು ಮೂಗಿಗೆ ತಿಳಿಯದಿದ್ದರೆ ಅಡುಗೆಮನೆಗೆ ಯಾಕೆ ಹೋಗಬೇಕು?

ನನ್ನ ವಿಷಯಕ್ಕೆ ಬರುತ್ತೇನೆ. ಕೋಳಿ ಉಳಿದರೆ ಎಲ್ಲರೂ ಮಾಂಸ ನೋಡುತ್ತಾರೆ, ನಾನು ಮೂಳೆ ನೋಡುತ್ತೇನೆ. ಮಾಂಸವನ್ನು ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತೇನೆ. ಚಾಕು ಮುಟ್ಟಿಸುವುದಿಲ್ಲ, ಕತ್ತರಿಸಿದರೆ ಅದು ನಿನ್ನೆಯ ತುಂಡು ಅಂತ ಎಲ್ಲರಿಗೂ ತಿಳಿದುಬಿಡುತ್ತದೆ. ಬೆಳ್ಳುಳ್ಳಿ, ಮೆಣಸು, ನಿಂಬೆರಸ, ಗಟ್ಟಿ ಮೊಸರು ಹಾಕಿ ಕಲಸಿ ಬ್ರೆಡ್ ನಡುವೆ ಇಟ್ಟರೆ ಯಾರಿಗೂ ಗುರುತು ಸಿಗುವುದಿಲ್ಲ. ಮೂಳೆಗೆ ಈರುಳ್ಳಿ ಸಿಪ್ಪೆ ಸಮೇತ, ಕ್ಯಾರೆಟ್ ತುದಿ, ಮುಳುಗುವಷ್ಟು ತಣ್ಣೀರು ಹಾಕಿ ಮೂರು ಗಂಟೆ ಸಣ್ಣ ಉರಿ. ಕುದಿಸಬಾರದು, ಗುಳುಗುಳು ಅನ್ನುತ್ತಿರಬೇಕು. ಉಪ್ಪು ಮಾತ್ರ ಹಾಕಬೇಡಿ. ಹುರಿದ ಕೋಳಿಯಲ್ಲಿ ಮೊದಲೇ ಇರುತ್ತದೆ. ಒಮ್ಮೆ ಮರೆತು ಹಾಕಿ 4 ಲೀಟರ್ ಚೆಲ್ಲಿದ್ದೇನೆ.

ಹೊಟ್ಟೆ ಕೆಟ್ಟವನು:
ಮೂಗಿಗೆ ತಿಳಿಯುವುದಿಲ್ಲ, ಅದೇ ಹೇಳುತ್ತಿರುವುದು! ನನ್ನ ಅನ್ನ ಘಮಘಮ ಅನ್ನುತ್ತಿತ್ತು. ಹಳಸುವುದು ಬೇರೆ, ವಿಷ ಆಗುವುದು ಬೇರೆ. ನಿಮ್ಮ ಆ 4 ಲೀಟರ್ ಸೂಪನ್ನು ಪಾತ್ರೆ ಸಮೇತ ಒಲೆ ಮೇಲೆ ರಾತ್ರಿಯಿಡೀ ಆರಲು ಬಿಡುತ್ತೀರಲ್ವಾ? ಅಲ್ಲೂ ಇದೇ ಕಥೆ.

ಮೂವತ್ತು ವರ್ಷದ ಸೌಟು:
ಬಿಡುತ್ತೇನೆ. ಮೂವತ್ತು ವರ್ಷದಿಂದ ಬಿಡುತ್ತಿದ್ದೇನೆ. ಎಲ್ಲರೂ ಬದುಕಿದ್ದಾರೆ. ನಿಮ್ಮದು ಮೊಟ್ಟೆ ಸರಿ ಇರಲಿಲ್ಲ ಅನಿಸುತ್ತದೆ.

ಹೊಟ್ಟೆ ಕೆಟ್ಟವನು:
ಮೊಟ್ಟೆ ಅವತ್ತು ಬೆಳಿಗ್ಗೆ ತಂದಿದ್ದು!!

ಫ್ರೀಜರ್ ಭಕ್ತೆ:
ಇಬ್ಬರೂ ಸಮಾಧಾನ. ಆಳ ಕಡಿಮೆ ಇರುವ ಟ್ರೇಗೆ 5 ಸೆಂಟಿಮೀಟರ್‌ಗಿಂತ ಕಡಿಮೆ ದಪ್ಪಕ್ಕೆ ಹರಡಿದರೆ ಬೇಗ ತಣ್ಣಗಾಗುತ್ತದೆ, ಹಾಗೇ ಫ್ರಿಜ್‌ಗೆ ಇಟ್ಟರೆ ಆಯಿತು. ಆಮೇಲೆ ಫ್ರೀಜರ್.

ಹೊಟ್ಟೆ ಕೆಟ್ಟವನು:
ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ ಮೇಡಂ, ಮಲಗಿಸುತ್ತದೆ. ಐದು ಗಂಟೆ ಹೊರಗಿದ್ದ ಅನ್ನಕ್ಕೆ ತಾರೀಕು ಬರೆದು ಇಟ್ಟರೆ ಅದು ತಾರೀಕು ಇರುವ ವಿಷ.

ಫ್ರೀಜರ್ ಭಕ್ತೆ:
ನಾನು ಐದು ಗಂಟೆ ಹೊರಗೆ ಬಿಡುತ್ತೇನೆ ಅಂತ ಎಲ್ಲಿ ಹೇಳಿದೆ? ಓದಿ ಮಾತಾಡಿ.

ಉಂಡೆ ಕಟ್ಟಿದವನು:
ಕೇಕ್ ಬಗ್ಗೆ ನಾನು ಹೇಳುತ್ತೇನೆ. ಉಳಿದ ಕೇಕ್ ಪುಡಿ ಮಾಡಿ, ಕ್ರೀಮ್ ಸೇರಿಸಿ ಉಂಡೆ ಕಟ್ಟಿ, ಚಾಕೊಲೇಟ್‌ನಲ್ಲಿ ಅದ್ದುವುದು. ವಿಡಿಯೊದಲ್ಲಿ 40 ಸೆಕೆಂಡ್. ನನಗೆ ಇಡೀ ಭಾನುವಾರ.

ಕೇಕ್ 900 ಗ್ರಾಂ ಇತ್ತು. ಅದರ ಮೇಲಿದ್ದ ಕ್ರೀಮೇ ಸಾಕಾಗಿತ್ತು, ನಾನು ಇನ್ನೊಂದು ಬಟ್ಟಲು ಹಾಕಿದೆ. ಕೆಸರಾಯಿತು. ಗಟ್ಟಿ ಮಾಡಲು ಒಂದು ಪ್ಯಾಕ್ ಬಿಸ್ಕತ್ತು ಪುಡಿ ಮಾಡಿ ಸುರಿದೆ. ಉಂಡೆ 62 ಆಯಿತು. ಅದ್ದಲು 700 ಗ್ರಾಂ ಚಾಕೊಲೇಟ್ ಹೊಸದಾಗಿ ತಂದು, ಬಿಸಿನೀರಿನ ಮೇಲೆ ಬಟ್ಟಲಿಟ್ಟು ಕರಗಿಸುತ್ತಿದ್ದೆ. ಚಮಚ ತೊಳೆದು ಒರೆಸದೆ ಹಾಕಿಬಿಟ್ಟೆ. ನಾಲ್ಕೈದು ಹನಿ ನೀರು ಇರಬಹುದು, ಅಷ್ಟೇ. ಕಣ್ಣೆದುರೇ ಹೊಳಪು ಹೋಯಿತು, ತರಿತರಿಯಾಯಿತು, ಚಮಚ ಎತ್ತಿದರೆ ಇಡೀ ಮುದ್ದೆ ಜೊತೆಗೇ ಎದ್ದು ಬಂತು. ಅಂಥ ಸ್ಥಿತಿಗೆ ಬಂದರೆ ಬಿಸಿ ಹಾಲು ಸ್ವಲ್ಪ ಸ್ವಲ್ಪ ಹಾಕಿ ತಿರುಗಿಸಬೇಕು, ಮತ್ತೆ ನುಣ್ಣಗಾಗುತ್ತದೆ. ಆದರೆ ಅದು ಸಾಸ್. ಉಂಡೆ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ. 12 ಉಂಡೆ ಅದ್ದಿ ನೋಡಿದೆ, ಎಲ್ಲ ಜಾರಿ ತಟ್ಟೆಗೆ ಬಂತು. ಕೊನೆಗೆ ಸಾಸ್ ಒಂದು ಬಾಟಲಿ, ಬೋಳು ಉಂಡೆ 50, ಬಡಿವಾರದ ಫೋಟೊ ಸೊನ್ನೆ.

ಆದರೂ ಒಂದು ಮಾತು. ಆ ಬೋಳು ಉಂಡೆಗಳು ಎರಡು ದಿನದಲ್ಲಿ ಖಾಲಿ. ಕೇಕ್ ಅಂತ ಇಟ್ಟಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ.

ಪುಡಿಂಗ್ ಸಂತ್ರಸ್ತ:
900 ಗ್ರಾಂ ಉಳಿಸಲು 700 ಗ್ರಾಂ ಚಾಕೊಲೇಟ್, ಒಂದು ಪ್ಯಾಕ್ ಬಿಸ್ಕತ್ತು. ನಮ್ಮ ಸಂಘಕ್ಕೆ ಸ್ವಾಗತ.

ಜೆಲ್ಲಿ ಕುಡಿದವಳು:
ಹಣ್ಣಿಗೆ ಜೆಲ್ಲಿ ಮಾಡಿ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿದ ಹಣ್ಣನ್ನೆಲ್ಲ ಜೆಲಟಿನ್‌ಗೆ ಹಾಕಿ ರಾತ್ರಿ ಇಟ್ಟೆ. ಬೆಳಿಗ್ಗೆ ನೀರು. ಇನ್ನೊಂದು ಪ್ಯಾಕ್ ಜೆಲಟಿನ್ ಹಾಕಿ ಮತ್ತೊಂದು ರಾತ್ರಿ ಇಟ್ಟೆ. ಮತ್ತೆ ನೀರು. ಕಂಪನಿಯನ್ನು ಬೈದೆ, ಫ್ರಿಜ್ ಬೈದೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಹಸಿ ಅನಾನಸ್ ಇತ್ತು. ಅದರ ಕಿಣ್ವ ಜೆಲಟಿನ್ನನ್ನೇ ತುಂಡರಿಸುತ್ತದೆ. ಕಿವಿ ಹಣ್ಣು, ಪರಂಗಿ ಕೂಡ ಹಾಗೇ. ಒಮ್ಮೆ ಕುದಿಸಿ ಹಾಕಿದ್ದರೆ ಆಗುತ್ತಿತ್ತು. ಲೋಟಕ್ಕೆ ಬಗ್ಗಿಸಿ ಕುಡಿದೆವು.

ಸಲಾಡ್ ಬಿಸಾಕಿ. ಅದಕ್ಕೆ ದಾರಿ ಇಲ್ಲ.

ಡಬ್ಬಿ ಕಳಕೊಂಡವಳು:
ಇಷ್ಟೆಲ್ಲ ತಾಪತ್ರಯ ಯಾಕೆ? ಅತಿಥಿಗಳು ಹೊರಡುವಾಗಲೇ ಕಟ್ಟಿ ಕೊಟ್ಟರೆ ಮುಗಿಯಿತು. ನಾನು ಹಾಗೇ ಮಾಡುತ್ತಿದ್ದೆ. ಮಾಡುತ್ತಿದ್ದೆ ಅಂತ ಯಾಕೆ ಹೇಳಿದೆ ಅಂದರೆ ಈಗ ಡಬ್ಬಿ ಇಲ್ಲ. ಮೂರು ಪಾರ್ಟಿಗೆ 17 ಡಬ್ಬಿ ಹೋಯಿತು. ವಾಪಸ್ ಬಂದಿದ್ದು 5, ಅದರಲ್ಲಿ 2ಕ್ಕೆ ಮುಚ್ಚಳ ಬೇರೆಯವರದ್ದು. ಒಬ್ಬ ಸಂಬಂಧಿಕರ ಮನೆಗೆ ಹೋದಾಗ ನನ್ನದೇ ಡಬ್ಬಿಯಲ್ಲಿ ಬಟ್ಟೆ ಕ್ಲಿಪ್ ಇಟ್ಟಿದ್ದರು. ಕೇಳಲು ಆಗುತ್ತದಾ?

ಮೂವತ್ತು ವರ್ಷದ ಸೌಟು:
ಊಟಕ್ಕೆ ಬಂದವರ ಕೈಗೆ ಉಳಿದಿದ್ದನ್ನು ಕೊಟ್ಟು ಕಳಿಸುವುದು ಯಾವ ಮರ್ಯಾದೆ? ನಿಮ್ಮ ಫ್ರಿಜ್ ಖಾಲಿ ಆಗಲಿ ಅಂತ ನಾವು ಹೊರಬೇಕಾ?

ಡಬ್ಬಿ ಕಳಕೊಂಡವಳು:
ಯಾರಿಗೂ ಬಲವಂತ ಇಲ್ಲ. ಕೇಳಿಯೇ ಕೊಡುವುದು. ಬೇಡ ಅಂದವರಿಗೆ ಕೊಡುವುದಿಲ್ಲ.

ಉಂಡೆ ಕಟ್ಟಿದವನು:
ಬೇಡ ಅನ್ನಲು ಯಾರಿಗೆ ಧೈರ್ಯ ಇದೆ? ಬಾಗಿಲಲ್ಲಿ ಚಪ್ಪಲಿ ಹಾಕುತ್ತಿರುವಾಗ ಡಬ್ಬಿ ಮುಂದೆ ಬರುತ್ತದೆ. ಇಸಿದುಕೊಂಡು ಹೋಗಿ ನಮ್ಮ ಮನೆಯಲ್ಲಿ ಬಿಸಾಕುತ್ತೇವೆ. ಆಮೇಲೆ ಡಬ್ಬಿ ತೊಳೆದು ಕೊಡುವ ಸಾಲ ಬೇರೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ಕೊಡಿ, ವಾಪಸ್ ಕೇಳಬೇಡಿ.

ಡಬ್ಬಿ ಕಳಕೊಂಡವಳು:
ಓಹೋ, ವಾಪಸ್ ಕೊಡದವರು ಇಲ್ಲೇ ಇದ್ದಾರೆ ನೋಡಿ.

ಫ್ರಿಜ್ ಮುಚ್ಚದವಳು:
ಎಲ್ಲರಿಗೂ ಥ್ಯಾಂಕ್ಸ್. ಓದುತ್ತಲೇ ಇದ್ದೆ, ಉತ್ತರ ಕೊಡಲು ಸಂದು ಸಿಗಲಿಲ್ಲ. ಬಡಿಸಲು ಶುರು ಮಾಡಿದ್ದು 7ಕ್ಕೆ. ಅಂದರೆ ಅನ್ನ 4 ಗಂಟೆ ಹೊರಗಿತ್ತು. ಒಂಬತ್ತು ಸಲ ಅಂತ ಓದಿದ ಮೇಲೆ ಗಂಡನೇ ಎದ್ದು ಹೋಗಿ ಚೆಲ್ಲಿದರು. ಹಣ್ಣೂ ಅನ್ನದ ಜೊತೆಗೇ ಹೊರಗಿತ್ತು, ಅದೂ ಸಲಾಡೂ ಹೋಯಿತು. ಕೋಳಿಯ ಎರಡನೇ ಟ್ರೇ ಓವನ್‌ನಲ್ಲೇ ಬಿಸಿಯಾಗಿತ್ತು, 10ಕ್ಕೆ ಹೊರಗೆ ತೆಗೆದಿದ್ದು. ಅದನ್ನು ಎಳೆ ಬಿಡಿಸಿ ಮೊಸರು ಹಾಕಿ ಕೊಟ್ಟೆ. ಮಗ ಮೂರು ಸ್ಯಾಂಡ್‌ವಿಚ್ ತಿಂದ. ಬ್ರೆಡ್ ಗಟ್ಟಿ ಅಂತ ಮಾತ್ರ ಹೇಳಿದ. ಈಗ ಮೂಳೆ ಒಲೆ ಮೇಲಿದೆ, ಉಪ್ಪು ಹಾಕಿಲ್ಲ. ಆರಿದ ಮೇಲೆ ಹೊರಗೇ ಬಿಡಲಾ, ಬೇಡವಾ?

ಹೊಟ್ಟೆ ಕೆಟ್ಟವನು:
ಬೇಡ!

ಮೂವತ್ತು ವರ್ಷದ ಸೌಟು:
ಏನೂ ಆಗುವುದಿಲ್ಲ, ಬಿಡಮ್ಮ.

ಫ್ರೀಜರ್ ಭಕ್ತೆ:
ಸಣ್ಣ ಡಬ್ಬಿಗಳಿಗೆ ಹಂಚಿ, ತಣ್ಣೀರಿನಲ್ಲಿ ಇಟ್ಟು ಆರಿಸಿ, ಫ್ರಿಜ್‌ಗೆ.

ಡಬ್ಬಿ ಕಳಕೊಂಡವಳು:
ಡಬ್ಬಿ ಅಂದಾಗ ನೆನಪಾಯಿತು. ನೀಲಿ ಮುಚ್ಚಳದ್ದು, ಚೌಕ, ಒಂದು ಮೂಲೆ ಸ್ವಲ್ಪ ಕರಗಿದೆ. ಇಲ್ಲಿ ಯಾರ ಮನೆಯಲ್ಲಾದರೂ ಅಂಥದ್ದು ಇದ್ದರೆ ಹೆಸರು ಹೇಳುವುದು ಬೇಡ, ಸುಮ್ನೆ ಗೇಟಿನ ಹತ್ತಿರ ಇಟ್ಟು ಹೋಗಿ.