ಸಮಸ್ಯೆ: ಕೊಲ್ಲುವ ಕೈಗಳನು ನೆಕ್ಕಿ ನಲಿದುದು ನಾಯಿ

ಸಂಚಾಲಕ:

ಈ ವಾರದ ಸಮಸ್ಯೆ, ಅಂದರೆ ನಾನು ಕೊಡುವ ಸಾಲು, ನಾಲ್ಕು ಪಾದಗಳ ಕಂದಪದ್ಯದ ನಾಲ್ಕನೆಯ ಪಾದ. ಉಳಿದ ಮೂರನ್ನು ಬರೆದು ಅದಕ್ಕೆ ಅರ್ಥ ಕೂಡಿಸುವ ಪೂರಣ ನಿಮ್ಮದು.

ಕೊಲ್ಲುವ ಕೈಗಳನು ನೆಕ್ಕಿ ನಲಿದುದು ನಾಯಿ

ವಸ್ತು ಯುದ್ಧ. ಯಾವ ಕಾಲದ್ದು, ಯಾವ ದೇಶದ್ದು ಎಂಬ ಕಟ್ಟು ಇಲ್ಲ. ಆದರೆ ನಡೆದ ಸಂಗತಿಯೇ ಆಗಿರಬೇಕು. ಪ್ರತಿ ಪಾದದ ಎರಡನೆಯ ಅಕ್ಷರವಾಗಿ ಬರಬೇಕಾದ 'ಲ್ಲ' ಪ್ರಾಸಕ್ಕೆ ಕನ್ನಡದಲ್ಲಿ ಬರವಿಲ್ಲವಾದ್ದರಿಂದ ಬಿಗಿಯನ್ನು ಬೇರೆ ಕಡೆ ಇಡುತ್ತಿದ್ದೇನೆ. 'ಪಾಪ, ಮೂಕ ಪ್ರಾಣಿ, ಅದಕ್ಕೇನು ಗೊತ್ತು' ಎಂಬ ಪರಿಹಾರ ಬೇಡ. ನಾಯಿ ಏಕೆ ನಲಿಯಿತು ಎನ್ನುವುದಕ್ಕೆ ನಿಮ್ಮ ಮೂರು ಪಾದಗಳಲ್ಲಿ ಕಾರಣ ಸಿಗಬೇಕು. ಪಾದಾಂತ್ಯದ 'ಯಿ'ಯನ್ನು ಗುರುವೆಂದೇ, ಅಂದರೆ ಎರಡು ಮಾತ್ರೆಯ ಅಕ್ಷರವೆಂದೇ, ಎಣಿಸಿಕೊಳ್ಳಿ. ಧರ್ಮರಾಯನ ಹಿಂದೆ ಹೋದ ನಾಯಿಯನ್ನೂ ತರಬೇಡಿ. ಅದು ಕೊನೆಗೆ ಯಮಧರ್ಮನಾಗಿಬಿಡುತ್ತದೆ. ನಮಗೆ ಕೊನೆಯವರೆಗೂ ನಾಯಿಯಾಗಿಯೇ ಉಳಿಯುವ ನಾಯಿ ಬೇಕು.

ಮೈಸೂರು:

ಇಲ್ಲದ ಬಾಂಬಿಗೆ ಬೆದರಿದ
ನಲ್ಲೊಡೆಯನೆ ಕರೆದು ತಂದು ಸಾಲೊಳು ನಿಲಿಸಲ್
ಸೊಲ್ಲಿಗೆ ಕಿವಿಗೊಟ್ಟೊಲವಿಂ
ಕೊಲ್ಲುವ ಕೈಗಳನು ನೆಕ್ಕಿ ನಲಿದುದು ನಾಯಿ

ಇದು 1939ರ ಲಂಡನ್. ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿತು. ಸಾಕುಪ್ರಾಣಿಗಳನ್ನು ಹಳ್ಳಿಗೆ ಕಳುಹಿಸಿ, ಆಗದಿದ್ದರೆ ಕೊಲ್ಲಿಸುವುದೇ ಕರುಣೆ ಎಂಬ ಸಲಹೆಯ ಕರಪತ್ರ ಅದಕ್ಕೆ ಮೊದಲೇ ಮನೆಮನೆ ತಲುಪಿತ್ತು. ಮೊದಲ ವಾರದಲ್ಲೇ ಆ ಒಂದು ನಗರದಲ್ಲಿ ಸುಮಾರು 4 ಲಕ್ಷ ನಾಯಿ ಬೆಕ್ಕುಗಳನ್ನು ಕೊಲ್ಲಿಸಿದರು ಎಂದು ಅಂದಾಜು. ಕೊಲ್ಲಿರೆಂದು ಕಾನೂನೇನೂ ಇರಲಿಲ್ಲ. ಪಶುವೈದ್ಯರ ಬಾಗಿಲಲ್ಲಿ ಜನ ಕೊರಳಪಟ್ಟಿ ಹಿಡಿದು ತಾವಾಗಿಯೇ ಸಾಲು ನಿಂತರು. ಲಂಡನ್ನಿನ ಮೇಲೆ ದೊಡ್ಡ ಬಾಂಬ್ ದಾಳಿ ಶುರುವಾದದ್ದು ಮರುವರ್ಷ ಸೆಪ್ಟೆಂಬರ್ 7ಕ್ಕೆ. 'ಇಲ್ಲದ ಬಾಂಬು' ಎಂದದ್ದು ಅದಕ್ಕೇ.

ಧಾರವಾಡ:

ಕಂದದಲ್ಲಿ ಬಾಂಬು ಸಿಡಿದದ್ದು ಕೇಳಿ ಕಿವಿ ಒಮ್ಮೆ ಗುಂಯ್ ಎಂದಿತು, ಆದರೆ ನಾಲ್ಕು ಮಾತ್ರೆಗಳ ಗಣ ಎಲ್ಲೂ ಕೆಟ್ಟಿಲ್ಲ. 'ನಲ್ಲೊಡೆಯ' ಎಂಬಲ್ಲಿ ವ್ಯಂಗ್ಯ ಇದೆಯೇ? ಕೊಲ್ಲಿಸಲು ತಂದವನು ಒಳ್ಳೆಯ ಒಡೆಯ ಹೇಗಾದಾನು?

ಮೈಸೂರು:

ವ್ಯಂಗ್ಯ ಇಲ್ಲ ಸರ್. ಅವನು ನಿಜವಾಗಿಯೂ ಪ್ರೀತಿಯಿಂದಲೇ ತಂದಿದ್ದ. ನನ್ನನ್ನು ಕಾಡಿದ್ದು ಅದೇ.

ಸಂಚಾಲಕ:

ಒಪ್ಪಿಗೆ. ಇಲ್ಲಿ ನಾಯಿ ನಲಿದದ್ದಕ್ಕೆ ಕಾರಣ ಎರಡನೆಯ ಪಾದದಲ್ಲೇ ಇದೆ. ಒಡೆಯ ಜೊತೆಗಿದ್ದಾನೆ, ಎಲ್ಲಿಗೋ ಕರೆದುಕೊಂಡು ಹೊರಟಿದ್ದಾನೆ. ನಾಯಿಗೆ ಇನ್ನೇನು ಬೇಕು?

ಹಾಸನ:

ಇದು ನನ್ನ ಮೊದಲ ಕಂದ, ತಿದ್ದಿಕೊಡಿ.

ಎಲ್ಲಿಯ ಟ್ಯಾಂಕೋ! ಮದ್ದಂ
ಮೆಲ್ಲನೆ ಬೆನ್ನಿಂಗೆ ಬಿಗಿದು ತುತ್ತಂ ತೋರಲ್
ಬಲ್ಲುದೆ ಸಂಚಂ? ನಂಬುತೆ
ಕೊಲ್ಲುವ ಕೈಗಳನು ನೆಕ್ಕಿ ನಲಿದುದು ನಾಯಿ

ಎರಡನೆಯ ಮಹಾಯುದ್ಧದ ಸೋವಿಯತ್ ಸೈನ್ಯ, ಟ್ಯಾಂಕ್ ನಾಶಕ ನಾಯಿಗಳು.

ಧಾರವಾಡ:

ಮೊದಲ ಕಂದವೆಂದರೆ ನಂಬುವುದು ಕಷ್ಟ. ಆರನೆಯ ಗಣ 'ಗೆ ಬಿಗಿದು' ಸರ್ವಲಘು, ನಾಲ್ಕೂ ಅಕ್ಷರ ಒಂದೊಂದೇ ಮಾತ್ರೆ. ಹಾಗಿದ್ದಾಗ ಬೇಕಾದಂತೆ ಮೊದಲ ಅಕ್ಷರಕ್ಕೇ ಪದ ಮುಗಿದಿದೆ. ಎಷ್ಟೋ ವರ್ಷ ಬರೆದವರೂ ಅಲ್ಲಿ ಎಡವುತ್ತಾರೆ.

ಸಂಚಾಲಕ:

ಛಂದಸ್ಸಿಗೆ ನೂರಕ್ಕೆ ನೂರು, ಅರ್ಥಕ್ಕೆ ಐವತ್ತು. 'ಬಲ್ಲುದೆ ಸಂಚಂ' ಎನ್ನುತ್ತಲೇ ನಾನು ಬೇಡವೆಂದ ಬಾಗಿಲಲ್ಲಿ ಒಳಬಂದಿರಿ. ನಡೆದದ್ದು ಇದಕ್ಕಿಂತ ವಿಚಿತ್ರವಾಗಿದೆ. ಹಸಿದ ನಾಯಿಗಳಿಗೆ ಟ್ಯಾಂಕಿನ ಅಡಿಯಲ್ಲಿ ಊಟ ಇಟ್ಟು ಅಭ್ಯಾಸ ಮಾಡಿಸಿದ್ದರು. ಬೆನ್ನಿನ ಮೇಲೆ ಸಿಡಿಮದ್ದಿನ ಚೀಲ, ಅದರಿಂದ ನೆಟ್ಟಗೆ ಎದ್ದು ನಿಂತ ಮರದ ಸನ್ನೆಕೋಲು. ನಾಯಿ ಕೆಳಗೆ ನುಗ್ಗಿದಾಗ ಕೋಲು ಟ್ಯಾಂಕಿನ ತಳಕ್ಕೆ ತಗುಲಿ ಬಾಗಬೇಕು, ಮದ್ದು ಸಿಡಿಯಬೇಕು. ಆದರೆ ಕಲಿಸಿದ್ದು ತಮ್ಮದೇ ಡೀಸೆಲ್ ಟ್ಯಾಂಕುಗಳಲ್ಲಿ. ಎದುರಿಗೆ ಬಂದ ಜರ್ಮನ್ ಟ್ಯಾಂಕುಗಳು ಪೆಟ್ರೋಲಿನವು, ವಾಸನೆಯೇ ಬೇರೆ. ಗುಂಡಿನ ಸದ್ದಿಗೆ ಹೆದರಿದ ಎಷ್ಟೋ ನಾಯಿಗಳು ಬೆನ್ನ ಮೇಲಿನ ಮದ್ದಿನ ಸಮೇತ ತಮ್ಮವರ ಕಂದಕಕ್ಕೇ ಓಡಿಬಂದವು. ಹಾಗೆ ಬಂದವನ್ನು ಸೈನಿಕರೇ ಗುಂಡಿಕ್ಕಿ ಕೊಂದದ್ದೂ ಉಂಟು. ನಿಮ್ಮ ನಾಯಿಯನ್ನು ಹೊರಡಿಸಬೇಡಿ, ಮರಳಿಸಿ ನೋಡಿ.

ಹಾಸನ:

ಗುಲ್ಲಿಗೆ ಬೆಂಕಿಗೆ ಬೆದರುತೆ
ನಿಲ್ಲದೆ ಹಿಂದಕ್ಕೆ ಬಂದು ಕಂದಕಕಿಳಿದುಂ
ಮೆಲ್ಲಿಸಿ ಪೊರೆದನ ಕಂಡಾ
ಕೊಲ್ಲುವ ಕೈಗಳನು ನೆಕ್ಕಿ ನಲಿದುದು ನಾಯಿ

ಸಂಚಾಲಕ:

ಇದು ಪೂರಣ! 'ಪೊರೆದ'ವನೂ 'ಕೊಲ್ಲುವ'ವನೂ ಒಬ್ಬನೇ ಆದ. 'ಇಳಿದುಂ' ಎಂಬ 'ಉಂ' ಮಾತ್ರೆಗಾಗಿ ಬಂದು ಕೂತಿದೆ, ಆದರೂ ಈ ಸಲ ತಕರಾರು ತೆಗೆಯುವುದಿಲ್ಲ.

ಸಾಗರ:

ಎಲ್ಲರೂ ನಾಯಿಯನ್ನು ಕೊಲ್ಲಿಸಿಯೇ ಬಿಡುತ್ತಿದ್ದೀರಿ. 'ಕೊಲ್ಲುವ ಕೈ' ನಾಯಿಯನ್ನೇ ಕೊಲ್ಲಬೇಕೆಂದು ಸಮಸ್ಯೆಯಲ್ಲಿ ಎಲ್ಲಿದೆ?

ಎಲ್ಲೆಯ ಕಾವಲ ಯೋಧಂ
ಕಲ್ಲೆದೆಯಿಂದಿರುಳು ಡೇರೆಗೈತರೆ ದಣಿವಿಂ
ಸೊಲ್ಲೊಂದನು ಕೇಳದೆ ತಾಂ
ಕೊಲ್ಲುವ ಕೈಗಳನು ನೆಕ್ಕಿ ನಲಿದುದು ನಾಯಿ

ಬರೆಯುವಾಗ 2023ರ ಸೆಪ್ಟೆಂಬರಿನಲ್ಲಿ ರಜೌರಿಯ ಕಾರ್ಯಾಚರಣೆಯಲ್ಲಿ ಸತ್ತ ಕೆಂಟ್ ಮನಸ್ಸಿನಲ್ಲಿತ್ತು. ನಮ್ಮ ಸೈನ್ಯದ ಆರು ವರ್ಷದ ಹೆಣ್ಣು ಲ್ಯಾಬ್ರಡಾರ್. ತನ್ನನ್ನು ನೋಡಿಕೊಳ್ಳುತ್ತಿದ್ದ ಸೈನಿಕನಿಗೆ ಅಡ್ಡ ನಿಂತು ಗುಂಡು ತಿಂದಿತು.

ಧಾರವಾಡ:

ಅಕ್ಕ, ಸಮಸ್ಯೆಯನ್ನು ಮಗ್ಗುಲು ಬದಲಿಸಿದಿರಿ, ಭೇಷ್. ಒಂದು ಸಂಶಯ. ನಾಯಿ ಪ್ರಶ್ನೆ ಕೇಳಲಿಲ್ಲ ಎಂದು ಹೊಗಳಿದರೆ ನಾವೂ ಕೇಳಬಾರದು ಎಂದಂತಾಗುವುದಿಲ್ಲವೇ? ನಾಯಿಯ ಬೇಷರತ್ ಪ್ರೀತಿಯನ್ನು ಸೈನ್ಯಗಳು ಪುಕ್ಕಟೆ ಸರಕಿನಂತೆ ಬಳಸಿವೆ. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕ ಕಳಿಸಿದ ನಾಯಿಗಳು ಸುಮಾರು 4,000. ಹೊಂಚುದಾಳಿ, ನೆಲಬಾಂಬುಗಳಿಂದ ಎಷ್ಟೋ ಸೈನಿಕರನ್ನು ಉಳಿಸಿದವು. ಸೈನಿಕರು ಮನೆಗೆ ಮರಳಿದಾಗ ನಾಯಿಗಳು ಲೆಕ್ಕದಲ್ಲಿ ಹೆಚ್ಚುವರಿ ಸಲಕರಣೆ. ಬಹುಪಾಲನ್ನು ಅಲ್ಲೇ ಬಿಟ್ಟರು ಅಥವಾ ಸೂಜಿ ಚುಚ್ಚಿ ಕೊಂದರು. ನಿವೃತ್ತ ಸೇನಾ ನಾಯಿಯನ್ನು ಅದರ ಸೈನಿಕನೇ ಸಾಕಿಕೊಳ್ಳಲು ಅವಕಾಶವಾಗುವ ಕಾನೂನು ಬಂದದ್ದು 2000ದಲ್ಲಿ.

ಸಾಗರ:

ನೀವು ಹೇಳುವುದು ಸರ್ಕಾರಗಳ ಮಾತು ರಾಯರೇ, ನಾನು ಬರೆದದ್ದು ಒಂದು ಡೇರೆಯ ಒಳಗಿನದು. ನಾಯಿ ಕೇಳದಿದ್ದುದರಿಂದ ಆ ಸೈನಿಕ ತಪ್ಪಿಸಿಕೊಂಡ ಎಂದು ನಾನೆಲ್ಲಿ ಬರೆದೆ? ಕೇಳುವವರ ಮುಂದೆ ಸಬೂಬು ಹೇಳಬಹುದು, ಕೇಳದವರ ಮುಂದೆ ಏನು ಹೇಳುತ್ತಾನೆ?

ಸಂಚಾಲಕ:

ನಾನು ಸಾಗರದ ಅಕ್ಕನ ಕಡೆ. ಧಾರವಾಡದವರ ಆಕ್ಷೇಪ ಒಳ್ಳೆಯ ಗದ್ಯ. ಅದನ್ನು ಕಂದ ಮಾಡಿ ತರಲಿ, ಆಗ ನೋಡೋಣ.

ಧಾರವಾಡ:

ಆಕ್ಷೇಪವನ್ನು ಬದಿಗಿಟ್ಟು ಬೇರೆಯದನ್ನೇ ತಂದಿದ್ದೇನೆ.

ಮಲ್ಲಂ ಬೂತುಗನೀಯಲು
ಬಲ್ಲಾಳ್ ಮಣಲೆರನೆ ಬೇಡಿ ಕಾಳಿಯನೊಯ್ಯಲ್
ಗೆಲ್ಲಂ ತಂದಾ ಕದನದೆ
ಕೊಲ್ಲುವ ಕೈಗಳನು ನೆಕ್ಕಿ ನಲಿದುದು ನಾಯಿ

ಮಂಡ್ಯ:

ಆಹಾ, ನಮ್ಮ ಆತಕೂರಿನ ಶಾಸನದ ಕಥೆ! ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಮೇಲೆ ಗಂಗರ ದೊರೆ ಬೂತುಗ ತನ್ನ ಆಳು ಮಣಲೆರನಿಗೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಇದನ್ನೆಲ್ಲ ಬರೆಸಿದ ಸುಮಾರು 950ರ ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿ ನಾಯಿ ಎರಡೂ ಮೈಮೇಲೆ ಬಿದ್ದು ಕಾದುವುದನ್ನು ಮೇಲ್ಭಾಗದಲ್ಲಿ ಕಡೆದಿದ್ದಾರೆ. ಕಲ್ಲಿಗೆ ಭೂಮಿ ಬಿಟ್ಟು, ಅದನ್ನು ಪೂಜಿಸದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂದು ಬರೆಸಿದ್ದಾರೆ. ಕಾಳಿ ಏನು ಪಾಪ ಮಾಡಿತ್ತೋ, ಶಾಸನ ಹೇಳುವುದಿಲ್ಲ!

ಸಾಗರ:

ರಾಯರು ನನ್ನ ದಾರಿಗೇ ಬಂದರು ನೋಡಿ. ಅವರ ಕೊಲ್ಲುವ ಕೈಯೂ ನಾಯಿಯನ್ನು ಕೊಲ್ಲಲಿಲ್ಲ.

ಬೆಂಗಳೂರು:

ತಡವಾಗಿ ಬಂದೆ. ನಾಯಿಯೇ ಏಕೆ, ಕುದುರೆಗೆ ಜಾಗವಿಲ್ಲವೇ? ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಮೆಷಿನ್ ಗನ್ನುಗಳ ಎದುರಿಗೆ ಕುದುರೆ ಓಡಿಸಿ ಊರನ್ನು ಗೆದ್ದಿತು. ಅಂದು ಸತ್ತ ಸವಾರರು 8, ಸತ್ತ ಕುದುರೆಗಳು 60.

ಸಂಚಾಲಕ:

ಹಾಗಾದರೆ ಮುಂದಿನ ವಾರ ಕುದುರೆ. ಆ ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲಿ ಮಾರಿಬಿಟ್ಟಿತು. 1930ರಲ್ಲಿ ಕೈರೋಗೆ ಹೋದ ಡೊರೊಥಿ ಬ್ರೂಕ್ ಅವರ ಕಣ್ಣಿಗೆ ಬಿದ್ದದ್ದು ಎಲುಬು ಹಂದರವಾಗಿ ಬಂಡಿ ಎಳೆಯುತ್ತಿದ್ದ ಆ ಮುದಿ ಕುದುರೆಗಳು. ಅವುಗಳಿಗಾಗಿಯೇ ಅವರು 1934ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಭಾಮಿನಿ ಷಟ್ಪದಿಯ ಆರನೆಯ ಪಾದ ಇಲ್ಲಿದೆ:

ಗೆದ್ದ ಕುದುರೆಯ ಬೆನ್ನ ಮೇಲೆಯೆ ಕಲ್ಲ ಹೇರಿದರು

'ದ್ದ'ಕ್ಕೆ 'ದ್ಧ' ಪ್ರಾಸವಾದೀತೇ ಎಂದು ಧಾರವಾಡದವರು ಕೇಳುವ ಮೊದಲೇ ಹೇಳುತ್ತೇನೆ: ಈ ಒಂದು ಸಲ ಆಗುತ್ತದೆ, 'ಯುದ್ಧ' ಎಂದು ಬರೆಯಬೇಕಲ್ಲ. ಭಾನುವಾರ ರಾತ್ರಿಯೊಳಗೆ ಕಳಿಸಿ.