ಅಪ್‌ಡೇಟ್: ಮಾವನ ದವಡೆಗೆ ಬಾಲ್ ಬಡಿದ ವಿಷಯ

ಹೋದ ತಿಂಗಳು ಕೇಳಿದ್ದೆ: ದಾವಣಗೆರೆಯ ಕ್ರಿಕೆಟ್ ಟೂರ್ನಮೆಂಟಲ್ಲಿ ಸಿಕ್ಸರ್ ಬಾಲ್ ಬಡಿದು ನಮ್ಮ ಮಾವನ ದವಡೆ ಮುರಿದಿದೆ, ಖರ್ಚು ಯಾರು ಕೊಡಬೇಕು ಅಂತ. ಅವರ ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣದ ಮೇಲೆಲ್ಲ ರಕ್ತ.

‘ಹೊಡೆದ ಹುಡುಗನ ಮೇಲೆ ಕೇಸ್ ಹಾಕಿ’ ಅಂದವರೇ ಜಾಸ್ತಿ. ವಕೀಲರು ನಕ್ಕರು. ಸಿಕ್ಸರ್ ಹೊಡೆಯುವುದೇ ಅವನ ಕೆಲಸ ಅಲ್ವಾ? ಆಟದಲ್ಲಿ ಸಹಜವಾಗಿರುವ ಅಪಾಯ ನೋಡುವವರಿಗೂ ಗೊತ್ತಿರುತ್ತದೆ. ಆದರೆ ಕುರ್ಚಿ ಎಲ್ಲಿ ಹಾಕಬೇಕು, ಬಲೆ ಕಟ್ಟಬೇಕಾ ಅನ್ನುವುದು ಆಯೋಜಕರ ಹೊಣೆ. 2018ರಲ್ಲಿ ಪ್ಯಾರಿಸ್ ಹತ್ತಿರ ನಡೆದ ರೈಡರ್ ಕಪ್ ಗಾಲ್ಫ್ ಟೂರ್ನಮೆಂಟಲ್ಲಿ ಆಟಗಾರ ಬ್ರೂಕ್ಸ್ ಕೆಪ್ಕಾ ಹೊಡೆದ ಚೆಂಡು ಬಡಿದು ಒಬ್ಬ ಮಹಿಳೆಯ ಕಣ್ಣೇ ಹೋಯಿತು. ಅವರೂ ದೂರಿದ್ದು ಆಟಗಾರನನ್ನಲ್ಲ, ಆಯೋಜಕರನ್ನು.

ನಮ್ಮಲ್ಲಿ ಕುರ್ಚಿಗಳು ಬೌಂಡರಿ ಹಗ್ಗಕ್ಕೆ ಅಂಟಿಕೊಂಡೇ ಇದ್ದವು. ಪುಣ್ಯಕ್ಕೆ ಫೋಟೊ ಇತ್ತು. 50 ರೂಪಾಯಿ ಟಿಕೆಟ್ಟೂ ಜೇಬಲ್ಲೇ ಇತ್ತು. ದುಡ್ಡು ಕೊಟ್ಟು ಒಳಗೆ ಹೋದವರು ಗ್ರಾಹಕರು, 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು ಅಂದರು ವಕೀಲರು.

ಅಲ್ಲಿಯವರೆಗೆ ಹೋಗಲೇ ಇಲ್ಲ. ವಕೀಲರು ಕಳಿಸಿದ ನೋಟಿಸ್ ತಲುಪಿದ ವಾರಕ್ಕೆ ಆಯೋಜಕರೇ ಮನೆಗೆ ಬಂದು ಆಸ್ಪತ್ರೆ ಬಿಲ್ ಕೊಟ್ಟರು. ಮಾವ ಇನ್ನೂ ಗಂಜಿ ಕುಡಿಯುತ್ತಿದ್ದಾರೆ. ಪಕ್ಕದಲ್ಲಿ ಯಾರಾದರೂ ಮಿರ್ಚಿ ತಿಂದರೆ ಸಿಟ್ಟು ಬರುತ್ತದಂತೆ.