ಕ್ವೋರಮ್ ಡಿಸ್ಕ್ ‘ಆನ್‌ಲೈನ್’ ಅಂತ ತೋರಿಸಿದರೆ ಸಾಕಾ? ನಾಗಿಯೋಸ್‌ನಲ್ಲಿ ಏನೇನು ನೋಡಬೇಕು?

ಹೇಮಾವತಿ_ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಬಿ.ಎಂ. ರಸ್ತೆಯಲ್ಲಿರುವ ನಮ್ಮ ಆಫೀಸಿನಲ್ಲಿ ಸರ್ವರ್ ಮತ್ತು ಸ್ಟೋರೇಜ್ ನೋಡಿಕೊಳ್ಳುತ್ತೇನೆ. ಒಂದೇ ಕಾಂಪೌಂಡಿನಲ್ಲಿ ಎರಡು ಕಟ್ಟಡ, ಎರಡರಲ್ಲೂ ಒಂದೊಂದು ಐಬಿಎಂ ವಿ7000 ಸ್ಟೋರೇಜ್ ಪೆಟ್ಟಿಗೆ. ಎರಡೂ ಸೇರಿ ಒಂದೇ ಹೈಪರ್‌ಸ್ವಾಪ್ ಕ್ಲಸ್ಟರ್ (ಒಂದು ಕಡೆ ಹೋದರೂ ಇನ್ನೊಂದು ಕಡೆಯಿಂದ ಡೇಟಾ ಸಿಗುವ ಜೋಡಣೆ), ಒಟ್ಟು 4 ನೋಡ್ (ಕಂಟ್ರೋಲರ್).

ಮೆಷೀನ್‌ಗಳ ಮೇಲೆ ಕಣ್ಣಿಡಲು ಬಳಸುವ ನಾಗಿಯೋಸ್‌ನಲ್ಲಿ ಪಿಂಗ್, ಜಾಗ ಎಷ್ಟು ಉಳಿದಿದೆ, ಡ್ರೈವ್ ಹೋಗಿದೆಯಾ, ಇಷ್ಟನ್ನೆಲ್ಲ ಆಗಲೇ ನೋಡುತ್ತಿದ್ದೇವೆ. ಕ್ವೋರಮ್, ಅಂದರೆ ಸಂಪರ್ಕ ಕಡಿದಾಗ ಯಾವ ಕಡೆ ಉಳಿಯಬೇಕು ಅಂತ ತೀರ್ಮಾನಿಸುವ ವ್ಯವಸ್ಥೆ, ಅದನ್ನು ಮಾತ್ರ ಸೇರಿಸಿಲ್ಲ. ಎಲ್‌ಎಸ್‌ಕ್ವೋರಮ್ ಕಮಾಂಡ್ ಕೊಟ್ಟರೆ ನಾಲ್ಕು ಸಾಲು ಬರುತ್ತದೆ. 0, 1, 2 ಡ್ರೈವ್‌ಗಳು. 3ನೆಯದು ಡಿವೈಸ್, ಅಂದರೆ ಐಪಿ ಕ್ವೋರಮ್ ಆಪ್ (ಡಿಸ್ಕ್ ಬದಲು ನೆಟ್‌ವರ್ಕ್ ಮೂಲಕ ಈ ಕೆಲಸ ಮಾಡುವ ಪ್ರೋಗ್ರಾಂ). ನಾಲ್ಕೂ ಆನ್‌ಲೈನ್. ಆಕ್ಟಿವ್ ಕಾಲಂನಲ್ಲಿ ‘ಯೆಸ್’ ಇರುವುದು 3ನೇ ಸಾಲಿಗೆ ಮಾತ್ರ.

ಸ್ಕ್ರಿಪ್ಟ್‌ನಲ್ಲಿ ‘ಆಫ್‌ಲೈನ್’ ಅನ್ನುವ ಪದ ಬಂದರೆ ಅಲರ್ಟ್ ಕೊಡು ಅಂತ ಬರೆದರೆ ಸಾಕಾ? ಇನ್ನೊಂದು ವಿಷಯ. ಐಪಿ ಕ್ವೋರಮ್ ಆಪ್ ಇರುವುದು ಎರಡನೇ ಕಟ್ಟಡದ ಒಂದು ವರ್ಚುವಲ್ ಮೆಷೀನಿನಲ್ಲಿ. ಅದು ಅಲ್ಲೇ ಇರಬಹುದಾ?

ಗಿರಿ_ತಪ್ಪಲು, ಚಿಕ್ಕಮಗಳೂರು

ನಮಸ್ಕಾರ. ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅವಸರ ಇರುವುದು ಅಲ್ಲೇ. ಆ ಮೆಷೀನ್ ಅಲ್ಲಿ ಇರಬಾರದು.

ಎರಡು ಕಟ್ಟಡಗಳ ನಡುವಿನ ಲಿಂಕ್ ಕಡಿದು ಹೋಯಿತು ಅಂದುಕೊಳ್ಳಿ. ಈ ಕಡೆ 2 ನೋಡ್, ಆ ಕಡೆ 2 ನೋಡ್. ಇಬ್ಬರೂ ‘ನಾನೇ ಉಳಿದವನು’ ಅಂತ ಬರೆಯಲು ಶುರು ಮಾಡಿದರೆ ಡೇಟಾ ಹಾಳಾಗುತ್ತದೆ. ಓಟು ಸಮ ಬಿದ್ದಾಗ ಯಾರು ಉಳಿಯಬೇಕು ಅಂತ ತೀರ್ಮಾನಿಸುವುದು ಆಕ್ಟಿವ್ ಕ್ವೋರಮ್. ಅದನ್ನು ಮೊದಲು ಹಿಡಿದ ಕಡೆಯವರು ಉಳಿಯುತ್ತಾರೆ, ಇನ್ನೊಂದು ಕಡೆಯವರು ನಿಲ್ಲುತ್ತಾರೆ.

ಈಗ ಲಿಂಕ್ ಬಿಡಿ, ಎರಡನೇ ಕಟ್ಟಡದ ಕರೆಂಟೇ ಪೂರ್ತಿ ಹೋಯಿತು ಅನ್ನಿ. ಅಲ್ಲಿನ 2 ನೋಡ್ ಹೋದವು. ಜೊತೆಗೆ ತೀರ್ಪು ಕೊಡುವ ಆಪ್ ಕೂಡ ಹೋಯಿತು. ಮೊದಲನೇ ಕಟ್ಟಡದ ನೋಡ್‌ಗಳು ಆರೋಗ್ಯವಾಗಿವೆ, ಆದರೆ ಅರ್ಧ ಓಟು ಮಾತ್ರ ಇದೆ, ಕೇಳೋಣ ಅಂದರೆ ಯಾರೂ ಇಲ್ಲ. ಅವೂ ನಿಲ್ಲುತ್ತವೆ. ಎರಡು ಕಡೆ ಪೆಟ್ಟಿಗೆ ಇಟ್ಟು ಅಷ್ಟು ಖರ್ಚು ಮಾಡಿದ್ದೇ ಇದನ್ನು ತಪ್ಪಿಸಲು, ಅಲ್ವಾ? ಆ ವರ್ಚುವಲ್ ಮೆಷೀನಿನ ಡಿಸ್ಕ್ ಇದೇ ವಿ7000 ಮೇಲಿದ್ದರಂತೂ ಇನ್ನೂ ಕಷ್ಟ. ಸ್ಟೋರೇಜ್ ಒಂದು ಕ್ಷಣ ತಡೆದರೂ ಆಪ್ ಉಸಿರು ಕಟ್ಟುತ್ತದೆ, ಅದೂ ಅದರ ಕೆಲಸ ಬೇಕಾದ ಹೊತ್ತಿನಲ್ಲೇ.

ಮೂರನೇ ಜಾಗ ಬೇಕು. ನಿಮಗೆ ನಮ್ಮೂರಿನಲ್ಲಿ ಬ್ರಾಂಚ್ ಇದ್ದರೆ ಒಂದು ಚಿಕ್ಕ ಬಾಕ್ಸ್ ಇಲ್ಲಿ ಇಡಿ. ಹಾಸನಕ್ಕೂ ಇಲ್ಲಿಗೂ ಸುಮಾರು 60 ಕಿ.ಮೀ. ನಿಮಗೆ ಕರೆಂಟ್ ಕೊಡುವುದು ಸೆಸ್ಕ್, ನಮಗೆ ಮೆಸ್ಕಾಂ, ಹಾಗಾಗಿ ಎರಡೂ ಕಡೆ ಒಟ್ಟಿಗೆ ಹೋಗುವ ಸಾಧ್ಯತೆ ಕಡಿಮೆ. ಮೆಟಾಡೇಟಾ (ಕ್ಲಸ್ಟರ್‌ನ ಸ್ಥಿತಿಯ ಮಾಹಿತಿ) ಇಟ್ಟುಕೊಳ್ಳದ ಐಪಿ ಕ್ವೋರಮ್‌ಗೆ ಹೋಗಿ ಬರುವ ಸಮಯ 80 ಮಿಲಿಸೆಕೆಂಡ್ ಒಳಗಿದ್ದರೆ ಸಾಕು. ಲೈನ್ ಬೆಂಗಳೂರು ಸುತ್ತಿ ಬಂದರೂ ಆ ಮಿತಿ ಸಾಮಾನ್ಯವಾಗಿ ಮೀರುವುದಿಲ್ಲ. ಆಪ್ ನಿಮ್ಮ 4 ನೋಡ್‌ಗಳ ಸರ್ವೀಸ್ ಐಪಿಗೆ (ಪ್ರತಿ ನೋಡ್‌ನ ಸ್ವಂತ ವಿಳಾಸ) 1260 ಪೋರ್ಟ್‌ನಲ್ಲಿ ಹೋಗುತ್ತದೆ. ಫೈರ್‌ವಾಲ್‌ನಲ್ಲಿ ನಾಲ್ಕಕ್ಕೂ ದಾರಿ ಬಿಡಿ. ಕ್ಲಸ್ಟರ್ ಐಪಿ ಒಂದಕ್ಕೆ ಬಿಟ್ಟರೆ ಆಗುವುದಿಲ್ಲ.

ಇನ್ನು ನಿಮ್ಮ ಸ್ಕ್ರಿಪ್ಟ್. ‘ಆಫ್‌ಲೈನ್’ ಹುಡುಕುವುದು ಸಾಲದು. ಆಪ್ ಕಳಚಿಕೊಂಡಾಗ ಆಕ್ಟಿವ್ ಪಾತ್ರ ಯಾವುದೋ ಒಂದು ಡ್ರೈವ್‌ಗೆ ಹೋಗಬಹುದು. ಆಗ ಮೂರು ಡ್ರೈವ್ ಆನ್‌ಲೈನ್, ಒಂದಕ್ಕೆ ‘ಯೆಸ್’, ನೋಡುವವರಿಗೆ ಎಲ್ಲ ಸರಿ. ಆದರೆ ಆ ಡ್ರೈವ್ ನಿಮ್ಮ ಎರಡು ಕಟ್ಟಡಗಳಲ್ಲಿ ಒಂದರಲ್ಲಿದೆ. ಆ ಕಟ್ಟಡ ಹೋದರೆ ಮೇಲೆ ಹೇಳಿದ ಕಥೆಯೇ. ಅದಕ್ಕೆ ಸ್ಕ್ರಿಪ್ಟ್ ಹೀಗೆ ಕೇಳಬೇಕು: ‘ಯೆಸ್’ ಇರುವ ಸಾಲು ಯಾವುದು, ಅದರ ಆಬ್ಜೆಕ್ಟ್ ಟೈಪ್ ಏನು? ‘ಡಿವೈಸ್’ ಆಗಿದ್ದರೆ ಸರಿ. ‘ಡ್ರೈವ್’ ಆಗಿದ್ದರೆ ವಾರ್ನಿಂಗ್. ಒಂದೂ ‘ಯೆಸ್’ ಇಲ್ಲದಿದ್ದರೆ ಕ್ರಿಟಿಕಲ್. ಸಾಲುಗಳ ಸಂಖ್ಯೆಯನ್ನೂ ಎಣಿಸಿ, ಸಾಲೇ ಮಾಯವಾದರೆ ‘ಆಫ್‌ಲೈನ್’ ಅನ್ನುವ ಪದ ಎಲ್ಲೂ ಸಿಗುವುದಿಲ್ಲ.

ಎಸ್‌ಎಸ್‌ಎಚ್ ಲಾಗಿನ್ ಆಗದೆ ಖಾಲಿ ಉತ್ತರ ಬಂದರೂ ಅಷ್ಟೇ. ನಾಗಿಯೋಸ್‌ಗೆ 0 ಅಂದರೆ ಸರಿ, 1 ವಾರ್ನಿಂಗ್, 2 ಕ್ರಿಟಿಕಲ್, 3 ಅನ್‌ನೋನ್. ಖಾಲಿ ಬಂದರೆ ಖಂಡಿತ 3 ಕೊಡಿ. ಇದಕ್ಕೆ ‘ಮಾನಿಟರ್’ ಪಾತ್ರದ ಒಂದು ಬೇರೆ ಯೂಸರ್ ಸಾಕು, ಅಡ್ಮಿನ್ ಕೀಯನ್ನು ಸುಮ್ನೆ ನಾಗಿಯೋಸ್ ಸರ್ವರ್‌ನಲ್ಲಿ ಇಡಬೇಡಿ. ಕಾಲಂ ಬೇರ್ಪಡಿಸಲು ಡಿಲಿಮ್ ಆಯ್ಕೆಯಲ್ಲಿ ಕೋಲನ್ ಕೊಡಿ. ಸ್ಪೇಸ್ ನಂಬಿ ಕತ್ತರಿಸಿದರೆ ಖಾಲಿ ಕಾಲಂ ಇರುವ ಕಡೆ ಎಲ್ಲ ಒಂದು ಮನೆ ಹಿಂದೆ ಸರಿದು ಬಿಡುತ್ತದೆ. ನಿಮ್ಮ ಡಿವೈಸ್ ಸಾಲಿನಲ್ಲಿ ಖಾಲಿ ಕಾಲಂ ಇದ್ದೇ ಇರುತ್ತದೆ.

ಈವೆಂಟ್ ಲಾಗ್‌ನಲ್ಲಿ 1330 ಮತ್ತು 1335 ಬಂದರೂ ಎಚ್ಚರಿಸಲಿ. ಮೊದಲನೆಯದು ಕ್ವೋರಮ್‌ಗೆ ತಕ್ಕ ಡಿಸ್ಕ್ ಸಿಗುತ್ತಿಲ್ಲ ಅಂತ, ಎರಡನೆಯದು ಇದ್ದ ಕ್ವೋರಮ್ ಡಿಸ್ಕ್ ಕೈಗೆ ಸಿಗುತ್ತಿಲ್ಲ ಅಂತ.

ಕಾಫಿ_ಲಿನಕ್ಸ್, ಸಕಲೇಶಪುರ

ಮೇಲಿನವರು ಹೇಳಿದ್ದು ನಮ್ಮ ಪೇಸ್‌ಮೇಕರ್ (ಲಿನಕ್ಸ್ ಸರ್ವರ್‌ಗಳನ್ನು ಜೋಡಿಸುವ ಸಾಫ್ಟ್‌ವೇರ್) ಕ್ಲಸ್ಟರ್‌ಗೂ ಹಾಗೇ ಹೊಂದುತ್ತದೆ. ಹಳೆಯ ರೆಡ್ ಹ್ಯಾಟ್ 5, 6ರಲ್ಲಿ ನಿಜವಾದ ಕ್ವೋರಮ್ ಡಿಸ್ಕ್ ಇತ್ತು, ಕ್ಯೂಡಿಸ್ಕ್ ಅಂತ. 7ರಿಂದ ಅದಿಲ್ಲ. ಈಗ ಕ್ಯೂಡಿವೈಸ್, ಅದು 5403 ಪೋರ್ಟ್‌ನಲ್ಲಿ ಬೇರೆ ಕಡೆಯ ಕ್ಯೂನೆಟ್‌ಡಿ ಅನ್ನುವ ಸರ್ವರ್ ಪ್ರೋಗ್ರಾಂ ಜೊತೆ ಮಾತಾಡುತ್ತದೆ.

ಕ್ಲಸ್ಟರ್‌ನ ಓಟು ತೋರಿಸುವ ಕೊರೋಸಿಂಕ್ ಕ್ವೋರಮ್‌ಟೂಲ್ ಓಡಿಸಿದರೆ ‘ಕ್ವೋರೇಟ್: ಯೆಸ್’ ಅಂತ ಬರುತ್ತದೆ. ಜಾಸ್ತಿ ಜನ ಆ ಒಂದು ಸಾಲು ನೋಡಿ ಮುಂದೆ ಹೋಗುತ್ತಾರೆ. ಎರಡು ನೋಡ್ ಜೊತೆ ಕ್ಯೂಡಿವೈಸ್ ಇದ್ದರೆ ಎಕ್ಸ್‌ಪೆಕ್ಟೆಡ್ ವೋಟ್ಸ್ 3. ಕ್ಯೂಡಿವೈಸ್ ಹೋದರೆ ಟೋಟಲ್ ವೋಟ್ಸ್ 2 ಆಗುತ್ತದೆ, ಆದರೂ ಕ್ವೋರೇಟ್ ‘ಯೆಸ್’ ಆಗಿಯೇ ಇರುತ್ತದೆ. ಇನ್ನೊಂದು ನೋಡ್ ಹೋದರೆ ಅಲ್ಲಿಗೆ ಮುಗಿಯಿತು. ನನ್ನ ಸ್ಕ್ರಿಪ್ಟ್ ಈ ಎರಡು ಸಂಖ್ಯೆ ಸಮ ಇದೆಯಾ ಅಂತ ಮಾತ್ರ ನೋಡುತ್ತದೆ.

ಒಂದು ಮಾತು: ಆಷಾಢದ ಗಾಳಿಮಳೆಗೆ ನಮ್ಮ ಕಡೆ ಮರ ಬಿದ್ದು ಫೈಬರ್ ಕಡಿಯುವುದು ಮಾಮೂಲಿ. ಪ್ರತಿ ಸಲ ರಾತ್ರಿ ಫೋನ್ ಬಡಿದುಕೊಂಡರೆ ಸ್ವಲ್ಪ ದಿನಕ್ಕೆ ಯಾರೂ ಎದ್ದು ನೋಡುವುದಿಲ್ಲ. ಸತತ ಮೂರು ಸಲ ಚೆಕ್ ಸೋತ ಮೇಲೆ ಮಾತ್ರ ಮೆಸೇಜ್ ಹೋಗುವ ಹಾಗೆ ಇಡಿ.

ಹೇಮಾವತಿ_ದಂಡೆ, ಹಾಸನ

ತುಂಬ ಉಪಕಾರವಾಯಿತು. ಚಿಕ್ಕಮಗಳೂರಿನಲ್ಲಿ ನಮ್ಮ ಬ್ರಾಂಚ್ ಇದೆ, ಎಂ.ಜಿ. ರಸ್ತೆಯಲ್ಲಿ. ಅಲ್ಲಿಗೆ ಬಾಕ್ಸ್ ಕಳಿಸಲು ಒಪ್ಪಿಗೆ ಸಿಕ್ಕಿತು. ಅಲ್ಲಿನ ಫೈಬರ್ ಮಳೆಗೆ ಹೋದರೆ ಏನು ಮಾಡಲಿ? ಎರಡು ಕಡೆ ಆಪ್ ಇಡಬಹುದಾ?

ಗಿರಿ_ತಪ್ಪಲು, ಚಿಕ್ಕಮಗಳೂರು

ಇಡಬಹುದು, 5ರವರೆಗೆ ಬಿಡುತ್ತದೆ. ಇಲ್ಲೊಂದು, ಬೆಂಗಳೂರಿನಲ್ಲೊಂದು ಇಟ್ಟರೆ ಚೆನ್ನ. ಮಳೆ ಹೆಚ್ಚಾದಾಗ ನಮ್ಮೂರಿನ ಲೈನ್ ಬಗ್ಗೆ ಭರವಸೆ ಕೊಡಲಾರೆ. ಎರಡಿಟ್ಟರೆ ಸ್ಕ್ರಿಪ್ಟ್‌ಗೂ ತಿಳಿಸಿ: ಎರಡೂ ‘ಡಿವೈಸ್’ ಸಾಲು ಆನ್‌ಲೈನ್ ಇದ್ದರೆ ಸರಿ, ಒಂದೇ ಉಳಿದರೆ ವಾರ್ನಿಂಗ್.

ಬಾಕ್ಸ್ ರೀಬೂಟ್ ಆದರೆ ಆ ಜಾವಾ ಆಪ್ ತಾನಾಗಿ ಏಳುವುದಿಲ್ಲ. ಬಾಕ್ಸ್ ಜೊತೆಗೇ ಶುರುವಾಗುವ ಹಾಗೆ ಸಿಸ್ಟಮ್‌ಡಿ ಸರ್ವೀಸ್ ಮಾಡಿಡಿ. ಬ್ರಾಂಚ್‌ನಲ್ಲಿ ಯುಪಿಎಸ್ ಬ್ಯಾಟರಿ ಮುಗಿದು ಬೆಳಿಗ್ಗೆ ಮತ್ತೆ ಆನ್ ಆದ ಬಾಕ್ಸ್ ಪಿಂಗ್‌ಗೆ ಚೆನ್ನಾಗಿಯೇ ಉತ್ತರ ಕೊಡುತ್ತದೆ, ಒಳಗೆ ಆಪ್ ಮಾತ್ರ ಓಡುತ್ತಿರುವುದಿಲ್ಲ. ಹಾಗಾಗಿ ಬಾಕ್ಸ್‌ನ ಪಿಂಗ್ ನೋಡಿ ಸಮಾಧಾನ ಪಡಬೇಡಿ, ಎಲ್‌ಎಸ್‌ಕ್ವೋರಮ್ ಹೇಳುವುದೇ ನಿಜ. ಅನುಮಾನ ಬಂದರೆ ಆಪ್ ಇರುವ ಫೋಲ್ಡರ್‌ನಲ್ಲೇ ಅದರ ಲಾಗ್ ಫೈಲ್ ಇರುತ್ತದೆ. ನಾಲ್ಕೂ ನೋಡ್‌ಗೆ ಕನೆಕ್ಟ್ ಆಗಿದೆಯಾ ಅಲ್ಲಿ ನೋಡಿ.

ನೋಡ್ ಸೇರಿಸಿದಾಗ, ಸರ್ವೀಸ್ ಐಪಿ ಬದಲಾಯಿಸಿದಾಗ ಅಥವಾ ಸಿಸ್ಟಮ್ ಸರ್ಟಿಫಿಕೇಟ್ ಹೊಸದು ಹಾಕಿದಾಗ ಎಂಕೆಕ್ವೋರಮ್‌ಆಪ್ ಕಮಾಂಡ್ ಕೊಟ್ಟು ಆಪ್ ಹೊಸದಾಗಿ ತಯಾರಿಸಿ ಎರಡೂ ಕಡೆ ಕಳಿಸಬೇಕು. ಹಳೆಯದರ ಒಳಗೆ ಹಳೆಯ ವಿಳಾಸಗಳೇ ಇರುತ್ತವೆ. ಈ ಕೆಲಸವನ್ನು ನಿಮ್ಮ ಚೇಂಜ್ ಫಾರ್ಮ್‌ನಲ್ಲಿ ಒಂದು ಸಾಲಾಗಿ ಸೇರಿಸಿ.

ಎಲ್ಲ ಕೂರಿಸಿದ ಮೇಲೆ ಒಂದು ಭಾನುವಾರ ಇಲ್ಲಿನ ಆಪ್ ನಿಲ್ಲಿಸಿ ನೋಡಿ. ಸ್ಟೋರೇಜ್‌ಗೆ ಏನೂ ಆಗುವುದಿಲ್ಲ, ನಿಮ್ಮ ಫೋನ್‌ಗೆ ವಾರ್ನಿಂಗ್ ಬರಬೇಕು. ಬರದಿದ್ದರೆ ಸ್ಕ್ರಿಪ್ಟ್ ಇಲ್ಲಿ ಹಾಕಿ, ನೋಡುತ್ತೇನೆ. ಅಂದ ಹಾಗೆ ನಾಗಿಯೋಸ್ ಸರ್ವರ್ ಎಲ್ಲಿದೆ ಅಂತ ನೀವು ಹೇಳಲಿಲ್ಲ. ಅದರ ಡಿಸ್ಕ್ ಕೂಡ ಇದೇ ವಿ7000 ಮೇಲಿದ್ದರೆ ಅದನ್ನೂ ಆಚೆ ತನ್ನಿ.